ಮೂರನೇ ಪುಟದ ಅಜ್ಜಿಯಿಂದ ಶುರು ಮಾಡಿ

ನಮಸ್ಕಾರ.

ಔಷಧಗಳು ದೇಹದಲ್ಲಿ ಹೇಗೆ ಕೆಲಸ ಮಾಡುತ್ತವೆ, ಅಡ್ಡ ಪರಿಣಾಮ ಯಾಕೆ ಬರುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಹಾಸನದಲ್ಲಿ ಬಿ.ಫಾರ್ಮಾ ಓದುತ್ತಿದ್ದೀರಿ, ಊರು ಮೂಡಿಗೆರೆ ಹತ್ತಿರ ಎಂದು ಬರೆದಿದ್ದೀರಿ. ಈಗಿರುವ ಹಾಗೆಯೇ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆದುಹಾಕಿ. ರಿಸೆಪ್ಟರ್, ಕಿಣ್ವ, ಅಯಾನ್ ಚಾನೆಲ್ ಎಂದು ಒಂದೊಂದಕ್ಕೂ ವ್ಯಾಖ್ಯೆ ಕೊಟ್ಟು, ಕೆಳಗೆ ಮಾತ್ರೆಗಳ ಪಟ್ಟಿ ಹಾಕಿದ್ದೀರಿ. ಪರೀಕ್ಷೆಗೆ ಇದು ಸರಿ. ಓದುಗರ ಕೈಗೆ ಏನೂ ಸಿಗುವುದಿಲ್ಲ. ಮೂರನೇ ಪುಟದಲ್ಲಿ, ನಾಲ್ಕೇ ಸಾಲಿನಲ್ಲಿ, ನಿಮ್ಮ ಅಜ್ಜಿ ಬರುತ್ತಾರೆ. ಬಿ.ಪಿ.ಗೆ ಎನಾಲಪ್ರಿಲ್ ಶುರು ಮಾಡಿದ ಮೇಲೆ ಅವರಿಗೆ ಒಣಕೆಮ್ಮು. ಮಳೆಗಾಲದ ಥಂಡಿ ಎಂದು ಮನೆಯವರೆಲ್ಲ ಅಂದುಕೊಂಡರು. ಕಾಳುಮೆಣಸಿನ ಕಷಾಯ ಆಯಿತು, ದಿನಾ ಜೇಷ್ಠಮಧು ಅಗಿದದ್ದೂ ಆಯಿತು. ಕೊನೆಗೆ ಡಾಕ್ಟರು ಮಾತ್ರೆ ಬದಲಿಸಿದರು, ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು. ಅಷ್ಟು ಹೇಳಿ ನೀವು ಮುಂದಕ್ಕೆ ಓಡಿಬಿಟ್ಟಿದ್ದೀರಿ. ಲೇಖನ ಇರುವುದೇ ಅಲ್ಲಿ!

ಬಿ.ಪಿ. ಮಾತ್ರೆ ನುಂಗಿದರೆ ಕೆಮ್ಮು ಯಾಕೆ ಬರಬೇಕು? ಓದುವವರು ಮೊದಲು ಕೇಳುವುದು ಇದನ್ನೇ. ನಿಮಗೆ ಗೊತ್ತಿರುವ ಉತ್ತರವನ್ನು ಬಿಡಿಸಿ ಬರೆಯಿರಿ. ನಮ್ಮ ಮೈಯಲ್ಲಿ ಎಸಿಇ ಎಂಬ ಕಿಣ್ವ, ಅಂದರೆ ಮೈಯೊಳಗಿನ ರಾಸಾಯನಿಕ ಕೆಲಸ ಮಾಡಿಸುವ ಒಂದು ಪ್ರೋಟೀನ್, ಇದೆ. ರಕ್ತನಾಳಗಳನ್ನು ಬಿಗಿ ಮಾಡುವ ಆಂಜಿಯೊಟೆನ್ಸಿನ್-2 ತಯಾರಾಗುವುದು ಅದರಿಂದ. ಬ್ರಾಡಿಕೈನಿನ್ ಎಂಬ ಇನ್ನೊಂದು ವಸ್ತುವನ್ನು ಒಡೆದು ಹಾಕುವುದೂ ಅದೇ. ಎನಾಲಪ್ರಿಲ್ ಈ ಕಿಣ್ವವನ್ನು ತಡೆಯುತ್ತದೆ. ಮೊದಲ ಕೆಲಸ ಕುಂಠಿತವಾದರೆ ನಾಳ ಸಡಿಲವಾಗಿ ಬಿ.ಪಿ. ಇಳಿಯುತ್ತದೆ. ಆದರೆ ಎರಡನೇ ಕೆಲಸವೂ ಜೊತೆಗೇ ಕೆಡುತ್ತದೆ ಅಲ್ವಾ? ಬ್ರಾಡಿಕೈನಿನ್ ಉಳಿದುಕೊಳ್ಳುತ್ತದೆ. ಈ ಕಿಣ್ವ ಶ್ವಾಸಕೋಶದಲ್ಲೇ ಜಾಸ್ತಿ ಇರುವುದು. ಅಲ್ಲಿ ಉಳಿದ ಬ್ರಾಡಿಕೈನಿನ್ ಗಾಳಿ ಕೊಳವೆಯ ನರಗಳನ್ನು ಕೆರಳಿಸುತ್ತದೆ. ಕೆಮ್ಮಿಗೆ ಮುಖ್ಯ ಕಾರಣ ಅದು ಎಂದು ತಜ್ಞರು ಹೇಳುತ್ತಾರೆ. ಲೋಸಾರ್ಟನ್, ಟೆಲ್ಮಿಸಾರ್ಟನ್ ಥರದ ಮಾತ್ರೆಗಳು ಕಿಣ್ವದ ತಂಟೆಗೆ ಹೋಗುವುದಿಲ್ಲ. ಆಂಜಿಯೊಟೆನ್ಸಿನ್ ಬಂದು ಕೂರುವ ಜಾಗವನ್ನೇ, ಅಂದರೆ ರಿಸೆಪ್ಟರನ್ನೇ, ಅಡ್ಡಗಟ್ಟುತ್ತವೆ. ಹಾಗಾಗಿ ಕೆಮ್ಮು ತುಂಬಾ ಕಡಿಮೆ.

ಇದಕ್ಕೊಂದು ಸೊಗಸಾದ ಹಿನ್ನೆಲೆಯೂ ಇದೆ. ಬ್ರೆಜಿಲ್‌ನ ಜರರಾಕ ಎಂಬ ಹಾವಿನ ವಿಷದಲ್ಲಿ ಬ್ರಾಡಿಕೈನಿನ್‌ನ ಬಲ ಹೆಚ್ಚಿಸುವ ಅಂಶ ಸಿಕ್ಕಿತ್ತು. ಆ ಎಳೆ ಹಿಡಿದು ಹೋದವರಿಗೆ ಕ್ಯಾಪ್ಟೊಪ್ರಿಲ್ ಎಂಬ ಬಿ.ಪಿ. ಮಾತ್ರೆ ಸಿಕ್ಕಿತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ಎನಾಲಪ್ರಿಲ್ ಅದೇ ಕುಟುಂಬದ್ದು. ಅಂದರೆ ಅಜ್ಜಿಯ ಕೆಮ್ಮಿನ ಬೇರು ಔಷಧದ ಹುಟ್ಟಿನಲ್ಲೇ ಇತ್ತು.

ಇನ್ನು ತಪ್ಪುಗಳು. 'ಗಿಡಮೂಲಿಕೆಗೆ ಅಡ್ಡ ಪರಿಣಾಮ ಇಲ್ಲ' ಎಂದು ಕೊನೆಯ ಪುಟದಲ್ಲಿ ಬರೆದಿದ್ದೀರಿ. ನಿಮ್ಮ ಅಜ್ಜಿ ಅಗಿದ ಜೇಷ್ಠಮಧುವನ್ನೇ ನೋಡಿ. ಅದರಲ್ಲಿರುವ ಗ್ಲಿಸರೈಜಿನ್ ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತಿಂದರೆ ಮೈಯಲ್ಲಿ ಉಪ್ಪು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿ.ಪಿ. ಏರುತ್ತದೆ. ಬಿ.ಪಿ. ಮಾತ್ರೆಯಿಂದ ಬಂದ ಕೆಮ್ಮಿಗೆ ಬಿ.ಪಿ. ಏರಿಸಬಲ್ಲ ಮದ್ದು! ಇಂಥದ್ದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಇದನ್ನು ಬರೆಯದೆ ಬಿಡಬೇಡಿ.

ಆಸ್ಪಿರಿನ್ ಪರಿಣಾಮ 'ಕೆಲವೇ ಗಂಟೆ' ಎಂದಿರುವುದೂ ಪೂರ್ತಿ ಸರಿಯಲ್ಲ. ರಕ್ತದಿಂದ ಅದು ಬೇಗ ಹೋಗುತ್ತದೆ, ನಿಜ. ಆದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳಲ್ಲಿ ಅದು ಕೆಡಿಸಿದ ಕಿಣ್ವ ಮತ್ತೆ ಸರಿಹೋಗುವುದಿಲ್ಲ. ನ್ಯೂಕ್ಲಿಯಸ್ ಇಲ್ಲದ ಪ್ಲೇಟ್‌ಲೆಟ್‌ಗೆ ಹೊಸ ಕಿಣ್ವ ಮಾಡಿಕೊಳ್ಳಲು ಬಾರದು. ಅದರ ಆಯುಸ್ಸು ಮುಗಿಯುವ ತನಕ, ಅಂದರೆ ಸುಮಾರು 7ರಿಂದ 10 ದಿನ, ಪರಿಣಾಮ ಇರುತ್ತದೆ. ನೀವು ಬಳಸಿದ ಬೀಗ ಮತ್ತು ಕೀಲಿಯ ಹೋಲಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಆಸ್ಪಿರಿನ್ ಬೀಗದೊಳಗೆ ಮುರಿದು ಸಿಕ್ಕಿಕೊಂಡ ಕೀಲಿ. ಉಳಿದ ಕಡೆಯೆಲ್ಲ ಆ ಹೋಲಿಕೆ ತೆಗೆಯಿರಿ.

ಅಲರ್ಜಿಗೆ ಕೊಡುವ ಎವಿಲ್ ಮಾತ್ರೆಯ ಬಗ್ಗೆ ಬರೆದದ್ದು ಚೆನ್ನಾಗಿದೆ. ಆದರೆ ನಿದ್ದೆಯನ್ನೂ ಬಾಯಿ ಒಣಗುವುದನ್ನೂ ಒಂದೇ ಗುಂಪಿಗೆ ಹಾಕಿದ್ದೀರಿ. ತುರಿಕೆ ನಿಲ್ಲಿಸಲು ಮಾತ್ರೆ ತಡೆಯುವ ರಿಸೆಪ್ಟರೇ ಮಿದುಳಿನಲ್ಲೂ ಇದೆ, ಅಲ್ಲಿ ತಡೆದರೆ ನಿದ್ದೆ. ಬಾಯಿ ಒಣಗುವುದು ಬೇರೆ ರಿಸೆಪ್ಟರ್‌ನಿಂದ, ಮಾತ್ರೆ ಗುರಿ ತಪ್ಪಿ ತಗುಲಿದ್ದರಿಂದ. ಎರಡು ಸಾಲು ಸಾಕು.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ನಿಮ್ಮ ಶೀರ್ಷಿಕೆ: 'ಮಾತ್ರೆ ಎಂಬ ನಿಧಾನ ವಿಷ'. ನಮ್ಮ ಕಡೆ ತಲೆನೋವಿಲ್ಲ, ಸುಸ್ತಿಲ್ಲ ಎಂದು ಬಿ.ಪಿ. ಮಾತ್ರೆ ಬಿಡುವವರು ಮೊದಲೇ ಜಾಸ್ತಿ. ಇದನ್ನು ಓದಿ ಒಬ್ಬರು ಮಾತ್ರೆ ಬಿಟ್ಟು ಲಕ್ವ ಹೊಡೆದರೆ ಅದಕ್ಕೆ ನಾವಿಬ್ಬರೂ ಹೊಣೆ. ಆ ಶೀರ್ಷಿಕೆ ಬೇಡವೇ ಬೇಡ. ಕೆಮ್ಮು ಬಂದರೆ ತಾವಾಗಿಯೇ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಇದೆ ಎಂದು ಸ್ಪಷ್ಟವಾಗಿ ಬರೆಯಿರಿ. ತುಟಿ, ನಾಲಿಗೆ, ಮುಖ ಊದಿಕೊಂಡರೆ ಮಾತ್ರ ಕಾಯುವ ಹಾಗಿಲ್ಲ, ಮುಂದಿನ ಮಾತ್ರೆ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದು ಅಪರೂಪ, ಆದರೆ ಉಸಿರು ಕಟ್ಟಬಹುದು. ಇದರ ಹಿಂದಿರುವುದೂ ಆ ಬ್ರಾಡಿಕೈನಿನ್ನೇ.

ಅಜ್ಜಿಯ ಕಥೆ ಬಳಸಲು ಅವರನ್ನೇ ಕೇಳಿ, ಹೆಸರು ಹಾಕಬೇಡಿ. ಬರೆದಾದ ಮೇಲೆ ನಿಮ್ಮ ಕಾಲೇಜಿನ ಒಬ್ಬ ಮೇಷ್ಟರಿಗೂ ಒಬ್ಬ ಡಾಕ್ಟರಿಗೂ ತೋರಿಸಿ, ಆಮೇಲೆ ನನಗೆ ಕಳಿಸಿ. ಮೂರು ಪುಟ ಮೀರದಿರಲಿ.