"ಹೇಗೋ ಬದುಕಿ ಬಂದೆ" ಅಂದರೆ ಹೇಗೆ?

ನಮಸ್ಕಾರ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಹಂಗೇರಿಯ ಬುಡಾಪೆಸ್ಟಿನ ಯಹೂದಿ ದರ್ಜಿಯೊಬ್ಬ ಮುಪ್ಪಿನಲ್ಲಿ ಕೂತು ಹೇಳುವ ಕಥೆ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ ಅವನನ್ನು ಸರ್ಬಿಯಾದ ಬೋರ್ ತಾಮ್ರದ ಗಣಿಗೆ ಎಳೆದೊಯ್ಯುತ್ತಾರೆ, ಅವನು ಬದುಕಿ ಬರುತ್ತಾನೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಕಥೆಯೂ ಅಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. ನಿಮ್ಮ ದರ್ಜಿಯ ಕೈಮೇಲೆ ಹಚ್ಚೆಯ ನಂಬರು, ಮೈಮೇಲೆ ಪಟ್ಟೆಪಟ್ಟೆ ಅಂಗಿ. ಕೈದಿಗಳಿಗೆ ನಂಬರಿನ ಹಚ್ಚೆ ಹಾಕುತ್ತಿದ್ದದ್ದು ನಾಜಿಗಳ ಸೆರೆಶಿಬಿರ ಆಶ್ವಿಟ್ಜ್‌ನಲ್ಲಿ ಮಾತ್ರ. ಬೋರ್‌ಗೆ ಹೋದ ಹಂಗೇರಿಯ ಯಹೂದಿಗಳು ಆ ದೇಶದ ಸೈನ್ಯದ ಒತ್ತಾಯದ ದುಡಿಮೆ ದಳದವರು. ಮನೆಯಿಂದ ತಂದ ಬಟ್ಟೆ, ತೋಳಿಗೆ ಹಳದಿ ಪಟ್ಟಿ. ಕಾವಲಿಗೆ ನಿಂತವರೂ ಹಂಗೇರಿಯ ಸೈನಿಕರೇ. ನೀವು ಎಲ್ಲರ ಬಾಯಲ್ಲೂ ಜರ್ಮನ್ ಹಾಕಿಬಿಟ್ಟಿದ್ದೀರಿ. ತಾಯಿ ಜೋಗುಳ ಹಾಡಿದ ಭಾಷೆಯಲ್ಲೇ ಬೈಸಿಕೊಳ್ಳುವ ನೋವು ಬೇರೆ, ಅಲ್ವಾ?

ದೊಡ್ಡ ಮಾತು ಇನ್ನೊಂದಿದೆ. ಗಣಿಗೆ ಹತ್ತು ಪುಟ ಕೊಟ್ಟು, "ಹೇಗೋ ಬದುಕಿ ಬಂದೆ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕಥೆ ಇರುವುದೇ ಆ "ಹೇಗೋ"ದಲ್ಲಿ. 1944ರ ಸೆಪ್ಟೆಂಬರಿನಲ್ಲಿ ಬೋರ್ ಖಾಲಿ ಮಾಡಿಸಿದಾಗ ಇವರನ್ನು ಎರಡು ಗುಂಪು ಮಾಡಿದರು. ಮೊದಲ ಗುಂಪನ್ನು ಹಂಗೇರಿಯ ಕಡೆ ನಡೆಸಿದರು. ದಾರಿಯಲ್ಲಿ ಚೆರ್ವೆಂಕಾ ಎಂಬ ಊರಿನಲ್ಲಿ ಅಕ್ಟೋಬರಿನ ಒಂದು ರಾತ್ರಿ ಅವರಲ್ಲಿ ನೂರಾರು ಜನರನ್ನು ಗುಂಡಿಟ್ಟು ಕೊಂದರು. ಹಂಗೇರಿಯ ಕವಿ ಮಿಕ್ಲೋಶ್ ರಾದ್ನೋತಿ ಇದ್ದದ್ದೂ ಆ ಗುಂಪಿನಲ್ಲೇ. ನವೆಂಬರಿನಲ್ಲಿ ಆಬ್ದಾ ಹಳ್ಳಿಯ ಹತ್ತಿರ ಅವನನ್ನೂ ಕೊಂದು ಹೂತರು. 1946ರಲ್ಲಿ ಹೆಣ ತೆಗೆದಾಗ ಕೋಟಿನ ಜೇಬಿನಲ್ಲಿ ಕವನಗಳ ಪುಟ್ಟ ನೋಟ್‌ಬುಕ್ ಇತ್ತು. ಎರಡನೇ ಗುಂಪನ್ನು ಮಾತ್ರ ಯುಗೊಸ್ಲಾವಿಯಾದ ಪಾರ್ಟಿಸಾನ್ ಹೋರಾಟಗಾರರು ಬಿಡಿಸಿದರು.

ನಿಮ್ಮ ದರ್ಜಿ ಯಾವ ಗುಂಪಿನವನು? ಹಿಂದೆ ಉಳಿದವನಾದರೆ, ಊರ ಕಡೆ ಹೊರಟವರನ್ನು ನೋಡಿ ಆ ಬೆಳಗ್ಗೆ ಹೊಟ್ಟೆಕಿಚ್ಚು ಪಟ್ಟಿರುತ್ತಾನೆ. ಆಮೇಲೆ ಅದನ್ನು ಜೀವನಪೂರ್ತಿ ಹೇಗೆ ಹೊತ್ತುಕೊಂಡ? ನನಗೆ ಅದು ಬೇಕು.

ಮೂರನೇ ಪುಟದಲ್ಲಿ ಅವನ ತಾಯಿ ಒಂದು ಸೈಜು ದೊಡ್ಡ ಬೂಟು ಕೊಡಿಸುತ್ತಾಳೆ, ಚಳಿಗೆ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಲಿ ಅಂತ. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಆದರೆ ಆಮೇಲೆ ಬೂಟಿನ ಸುದ್ದಿಯೇ ಇಲ್ಲ! ನೂರಾರು ಕಿಲೋಮೀಟರ್ ನಡೆಯಲು ಹೊರಟ ಗೆಳೆಯನ ಬೂಟು ಹರಿದಿತ್ತು, ಅವನು ಇದನ್ನು ಕೇಳಿದ ಅಂದುಕೊಳ್ಳಿ. ನಿಮ್ಮ ದರ್ಜಿ ಕೊಟ್ಟನಾ, ಇಲ್ಲವಾ?

ಅಲ್ಲಿಂದ ಶುರು ಮಾಡಿ. ಬರೆದು ಕಳಿಸಿ, ಕಾಯುತ್ತಿರುತ್ತೇನೆ.