ಹಳೇ ಮನೆ, ಹಳೇ ಕಾಗದ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ವರ್ಷಾ ವರ್ಷ ಕರ್ಲು (ಸವಳು ಜೇಡಿ) ಮಣ್ಣು ಹಾಕಿಸಿದರೂ ನಡುಮನೆ ಸೋರುತ್ತದೆ. ಮೇಲೆ ಎರಡಿಂಚು ಕಾಂಕ್ರೀಟ್ ಹಾಕಿಸಿಬಿಡಿ ಅನ್ನುತ್ತಾರೆ ಮೇಸ್ತ್ರಿ. ಹಾಕಿಸಬಹುದೇ?
– ಚಳ್ಳಕೆರೆ ತಾಲ್ಲೂಕಿನ ಓದುಗರು

ಉತ್ತರ: ಬೇಡ. ಮೊದಲು ತೂಕದ ಲೆಕ್ಕ ನೋಡಿ. ನೂರು ಚದರಡಿ ಮಾಳಿಗೆಗೆ ಒಂದಿಂಚು ಮಣ್ಣು ಹಾಕಿದರೆ ಸುಮಾರು 400 ಕಿಲೋ. ಹಳೆಯದನ್ನು ಕೆರೆಯದೆ ಹತ್ತು ವರ್ಷ ಹಾಗೇ ಹಾಕುತ್ತಾ ಬಂದಿದ್ದರೆ ತೊಲೆ ಜಂತೆಗಳ ಮೇಲೆ ನಾಲ್ಕು ಟನ್ ಹೆಚ್ಚುವರಿ ಭಾರ ಕೂತಿದೆ. ಅದರ ಮೇಲೆ ಎರಡಿಂಚು ಕಾಂಕ್ರೀಟ್ ಅಂದರೆ ಇನ್ನೂ 1,100 ಕಿಲೋ. ಭಾರ ಹೇಗೋ ತಡೆಯಿತು ಅಂತಲೇ ಇಟ್ಟುಕೊಳ್ಳಿ, ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಕಾಂಕ್ರೀಟಿಗೆ ಆ ಬಳುಕು ಇಲ್ಲ, ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಮೇಲೆ ಆರುವುದಕ್ಕೆ ದಾರಿಯಿಲ್ಲದೆ ಮಣ್ಣಿನ ಅಡಿಗೆ ಹಾಸಿದ ಸೊಪ್ಪಿನ ಪದರದಲ್ಲೇ ನಿಲ್ಲುತ್ತದೆ. ನಾಲ್ಕೈದು ವರ್ಷದಲ್ಲಿ ಜಂತೆಗೆ ಗೆದ್ದಲು. ಮಣ್ಣಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸುವವರಿಗೂ ಇದೇ ಗತಿ.

ವರ್ಷಾ ವರ್ಷ ಹಾಕಿದರೂ ಸೋರುತ್ತಿದ್ದರೆ ಅದು ಸರಿಯಾದ ಕರ್ಲು ಅಲ್ಲದಿರಬಹುದು. ಕರ್ಲಿನ ಗುಟ್ಟು ಅದರ ಸೋಡಿಯಂ. ನೀರು ತಾಗಿದ ಕೂಡಲೇ ಅದರ ಜೇಡಿ ನುಣ್ಣಗೆ ಬಿಡಿಸಿಕೊಂಡು ಸಂದು ಸಂದನ್ನೂ ಮುಚ್ಚುತ್ತದೆ, ಹಾಗಾಗಿ ನೀರು ಕೆಳಗಿಳಿಯದೆ ಮೇಲೇ ಹರಿದುಹೋಗುತ್ತದೆ. ಈಗ ಟ್ರ್ಯಾಕ್ಟರಿನವರು ಎಲ್ಲಿಂದ ತುಂಬಿ ತರುತ್ತಾರೋ ಕೇಳುವವರಿಲ್ಲ. ನೀವೇ ಪರೀಕ್ಷೆ ಮಾಡಿ: ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಫಿಲ್ಟರ್ ನೀರು ತೆಗೆದುಕೊಂಡು ಕಡಲೆ ಗಾತ್ರದ ಒಣ ಹೆಂಟೆ ಬಿಡಿ, ಕಲಕಬೇಡಿ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿ ಗಂಟೆಗಟ್ಟಲೆ ಹಾಗೇ ನಿಂತರೆ ಅದು ಕರ್ಲು. ಪುಡಿಪುಡಿಯಾಗಿ ತಳಕ್ಕೆ ಕೂತು ನೀರು ತಿಳಿಯಾಗಿಯೇ ಉಳಿದರೆ ಆ ಲೋಡು ವಾಪಸ್ ಕಳಿಸಿ. ಬೋರಿನ ಗಡಸು ನೀರಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರ ಲವಣಕ್ಕೆ ಒಳ್ಳೆ ಕರ್ಲು ಕೂಡ ಮಬ್ಬು ಬಿಡುವುದಿಲ್ಲ. ಇನ್ನೊಂದು, ಬೇಸಿಗೆಯಲ್ಲಿ ತಗ್ಗಿನ ನೆಲದ ಮೇಲೆ ಕಾಣುವ ಬಿಳಿ ಸೌಳನ್ನಷ್ಟೇ ಕೆರೆದು ತಂದರೆ ಮೊದಲ ಮಳೆಗೇ ಉಪ್ಪು ಕರಗಿ ಗುಂಡಿ ಬೀಳುತ್ತದೆ. ಬೇಕಾದ್ದು ಅದರ ಕೆಳಗಿನ ಜೇಡಿ.

ಕೆಲಸ ಯುಗಾದಿ ಕಳೆದು ಭರಣಿ ಮಳೆ ಹೂಡುವುದರೊಳಗೆ, ಅಂದರೆ ಏಪ್ರಿಲ್ 27ರೊಳಗೆ ಮುಗಿಯಬೇಕು. ಮಾಳಿಗೆ ಗುಡಿಸಿ, ಹುಲ್ಲನ್ನು ಬೇರು ಸಮೇತ ಕೀಳಿ. ಮೇಲೆ ಕತ್ತರಿಸಿ ಬಿಟ್ಟರೆ ಒಳಗೆ ಕೊಳೆತ ಬೇರೇ ನೀರಿನ ಕೊಳವೆಯಾಗುತ್ತದೆ. ಇಲಿ ಬಿಲಗಳಿಗೆ ಹಸಿ ಮಣ್ಣು ತುಂಬಿ ಕೋಲಿನಿಂದ ಗಿಡಿಯಿರಿ. ಸಡಿಲವಾದ ಹಳೆ ಮಣ್ಣು ಎಷ್ಟು ಬರುತ್ತದೋ ಅಷ್ಟು ಕೆರೆದು ಕೆಳಗಿಳಿಸಿ, ಆಮೇಲೆ ಹೆಂಟೆ ಒಡೆದ ಒಣ ಕರ್ಲನ್ನು ಒಂದಿಂಚು ಹರಡಿ. ಹತ್ತು ಅಡಿಗೆ ಎರಡು ಮೂರು ಇಂಚು ಇಳಿಜಾರು ದೋಣಿಯ (ಮಳೆನೀರು ಹೊರಗೆ ಬೀಳಿಸುವ ಕೊಳವೆಯ) ಕಡೆಗೆ ಇರಲಿ. ಪೈಪು ಹಿಡಿದು ನೀರು ಬಿಡಬೇಡಿ, ಮೊದಲ ಮಳೆಯೇ ಅದನ್ನು ಕೂರಿಸುತ್ತದೆ. ಹಸಿ ಇದ್ದಾಗ ಯಾರೂ ಮಾಳಿಗೆ ಹತ್ತಬಾರದು: ಒಂದೊಂದು ಹೆಜ್ಜೆಗುರುತೂ ನೀರು ನಿಲ್ಲುವ ತಗ್ಗು. ಮಳೆ ನಿಂತು ಒಣಗಿದಾಗ ಕಾಣುವ ಸೀಳುಗಳಿಗೆ ಒಣ ಪುಡಿ ಉದುರಿಸಿದರೆ ಸಾಕು.

ನೀರು ಬೀಳುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ಕೈಪಿಡಿ ಗೋಡೆಯ (ಮಾಳಿಗೆ ಅಂಚಿನ ಗಿಡ್ಡ ಗೋಡೆಯ) ಬುಡ, ಗವಾಕ್ಷಿಯ (ಮಾಳಿಗೆಯ ಬೆಳಕಿಂಡಿಯ) ಅಂಚು, ದೋಣಿಯ ಬಾಯಿ – ಮೊದಲು ಈ ಮೂರು ಕಡೆ ನೋಡಿ. ದೋಣಿ ಗೋಡೆಯಿಂದ ಒಂದೂವರೆ ಅಡಿಯಾದರೂ ಆಚೆ ಚಾಚಿರಬೇಕು. ತೊಲೆಯ ನಡುಭಾಗ ಗಟ್ಟಿ ಕಂಡರೂ ಗೋಡೆಯೊಳಗೆ ಹೂತ ತುದಿ ಕೊಳೆತಿರಬಹುದು. ಚೂಪು ಸಲಾಕೆಯಿಂದ ಅಲ್ಲಿ ಚುಚ್ಚಿ. ಅರ್ಧ ಇಂಚಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಮಣ್ಣು ಹೇರುವ ಮೊದಲು ಆ ತುದಿಗೆ ಒಂದು ಕಂಬದ ಆಸರೆ ಕೊಡಿಸಿ.

ಪ್ರಶ್ನೆ: ಕಣದ ಪಕ್ಕದಲ್ಲಿ ಹಳೆ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಇದೆ. ಇಪ್ಪತ್ತು ವರ್ಷದಿಂದ ತೆಗೆದಿಲ್ಲ. ಈ ಸುಗ್ಗಿಗೆ ರಾಗಿ ತುಂಬುವ ಆಸೆ. ಹೇಗೆ ತಯಾರು ಮಾಡುವುದು?
– ಹೊಸದುರ್ಗ ತಾಲ್ಲೂಕಿನ ಓದುಗರು

ಉತ್ತರ: ಮೊದಲು ಜೀವದ ಮಾತು. ಮುಚ್ಚಿದ ಹಗೇವಿನಲ್ಲಿ ಕಾಳು ಇದ್ದರೂ ಒಂದೇ, ಬರೀ ಕೊಳೆತ ಹುಲ್ಲು ಇದ್ದರೂ ಒಂದೇ: ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅದು ಗಾಳಿಗಿಂತ ಭಾರ, ಬಾಯಿ ತೆಗೆದ ಮಾತ್ರಕ್ಕೆ ಹೊರಗೆ ಬರುವುದಿಲ್ಲ. ಕಲ್ಲು ಸರಿಸಿ ಒಂದು ಪೂರ್ತಿ ದಿನ ಬಿಡಿ. ಎಲೆ ತುಂಬಿದ ಬೇವಿನ ಕೊಂಬೆಗೆ ಹಗ್ಗ ಕಟ್ಟಿ ಇಳಿಸಿ ಎತ್ತಿ ಇಳಿಸಿ ಎತ್ತಿ ಗಾಳಿ ಕಲಕಬೇಕು. ಬ್ಲೋವರ್ ಸಿಕ್ಕರೆ ಅದೇ ಮೇಲು. ಲಾಟೀನು ಇಳಿಸಿ ನೋಡುವುದು ಹಿರಿಯರ ಕ್ರಮ. ದೀಪ ಆರಿದರೆ ಇಳಿಯುವ ಮಾತೇ ಇಲ್ಲ. ಆದರೆ ದೀಪ ಉರಿಯಿತು ಅಂತ ಧೈರ್ಯ ಮಾಡುವುದೂ ತಪ್ಪು. ದೀಪ ಇನ್ನೂ ಉರಿಯುವ ಗಾಳಿಯಲ್ಲೇ ಮನುಷ್ಯ ತಲೆಸುತ್ತಿ ಬೀಳಬಹುದು. ಇಳಿಯುವವರ ಕಂಕುಳಡಿ ಹಗ್ಗ, ಮೇಲೆ ಇಬ್ಬರು ಗಟ್ಟಿಗರು. ಒಳಗಿದ್ದವರು ಮಾತು ನಿಲ್ಲಿಸಿದರೆ ಹಗ್ಗ ಎಳೆಯಬೇಕೇ ಹೊರತು ಇನ್ನೊಬ್ಬರು ಹಾರಬಾರದು. ಒಬ್ಬರ ಹಿಂದೆ ಒಬ್ಬರು ಸಾಯುವುದು ಹೀಗೇ.

ಈ ಸುಗ್ಗಿಗೇ ತುಂಬುವ ಆತುರ ಬೇಡ. ತಳಕ್ಕೆ ಒಂದು ಹೊರೆ ಒಣ ರಾಗಿಹುಲ್ಲು ಹಾಸಿ ಬಾಯಿ ಮುಚ್ಚಿ, ಉತ್ತರೆ, ಹಸ್ತ, ಚಿತ್ತೆ ಮಳೆ ದಾಟಿಸಿ. ನಮ್ಮ ಕಡೆ ನೆಲ ನೆನೆಯುವುದು ಆಗಲೇ. ಕಾರ್ತೀಕದಲ್ಲಿ ತೆಗೆದಾಗ ಹುಲ್ಲು ಗರಿಗರಿ ಇದ್ದರೆ ಹಗೇವು ಕೆಲಸಕ್ಕೆ ಬರುತ್ತದೆ. ಕಪ್ಪಾಗಿ ಮುಗ್ಗಲು ವಾಸನೆ ಬಂದರೆ ಮಣ್ಣು ತುಂಬಿ ಮುಚ್ಚಿಬಿಡಿ, ದನ ಕಾಲಿಟ್ಟು ಕುಸಿಯುವುದು ತಪ್ಪುತ್ತದೆ. ಭದ್ರಾ ನಾಲೆಯ ಅಚ್ಚುಕಟ್ಟಿನ ಊರುಗಳವರಿಗೆ ಈ ಪರೀಕ್ಷೆಯೂ ಬೇಡ, ಗದ್ದೆ ನೀರು ಪಕ್ಕದಲ್ಲಿದ್ದ ಮೇಲೆ ಹಗೇವಿನ ಆಸೆ ಬಿಡುವುದೇ ಸರಿ.

ಅಳತೆಯನ್ನೂ ನೋಡಿಕೊಳ್ಳಿ. ಹೊಟ್ಟೆ ಆರಡಿ ಅಗಲ, ಎಂಟಡಿ ಆಳದ ಹಗೇವಿಗೆ ಸುತ್ತ, ತಳ, ಮೇಲೆ ಅರ್ಧ ಅಡಿ ಹುಲ್ಲು ಕೊಟ್ಟರೆ ಉಳಿದ ಜಾಗಕ್ಕೆ ಸುಮಾರು 30 ಕ್ವಿಂಟಲ್ ರಾಗಿ ಬೇಕು. ಹತ್ತು ಚೀಲ ಹಾಕಿ ಮುಚ್ಚಿದರೆ ಮೇಲೆ ಉಳಿದ ಗಾಳಿಯೇ ಹುಳ ಸಾಕುತ್ತದೆ. ಕಂಠದವರೆಗೆ ತುಂಬಿದಾಗ ಮಾತ್ರ ಕಾಳಿನ ಉಸಿರೇ ಆಮ್ಲಜನಕ ತಿಂದು ಹುಳ ಉಸಿರುಕಟ್ಟಿ ಸಾಯುತ್ತವೆ. ರಾಗಿ ಹಲ್ಲಿಗೆ ಕಟಕ್ಕನೆ ಒಡೆಯುವಷ್ಟು ಒಣಗಿರಲಿ, ತೇವಾಂಶ ನೂರಕ್ಕೆ 12ರ ಮೇಲೆ ಬೇಡ. ತುಂಬಿ, ಹುಲ್ಲು ಒತ್ತಿ, ಚಪ್ಪಡಿ ಎಳೆದು, ಸಂದಿಗೆ ಸಗಣಿ ಮಣ್ಣು ಮೆತ್ತಿ, ಮೇಲೆ ನೀರು ನಿಲ್ಲದ ಹಾಗೆ ಮಣ್ಣಿನ ಗುಪ್ಪೆ ಹಾಕಿ. ಬಿತ್ತನೆ ಬೀಜ ಮಾತ್ರ ಇದರಲ್ಲಿ ಇಡಬೇಡಿ.

ಪ್ರಶ್ನೆ: ಹಬ್ಬಗಳ ತಾರೀಕು ವರ್ಷ ವರ್ಷ ಬದಲಾಗುತ್ತದೆ. ರೋಹಿಣಿ, ಆರಿದ್ರೆ ಮಳೆಗಳ ತಾರೀಕು ಏಕೆ ಬದಲಾಗುವುದಿಲ್ಲ?
– ಮೊಳಕಾಲ್ಮುರು ತಾಲ್ಲೂಕಿನ ಓದುಗರು

ಉತ್ತರ: ಹಬ್ಬದ ತಿಥಿ ಚಂದ್ರನದು, ಮಳೆ ನಕ್ಷತ್ರ ಸೂರ್ಯನದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ. ಅದಕ್ಕೇ ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರೆ ಜೂನ್ 22ರ ಸುಮಾರಿಗೆ. ಪೂರ್ತಿ ಬದಲಾಗುವುದೇ ಇಲ್ಲ ಅನ್ನುವಂತಿಲ್ಲ, ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತದೆ. ಮುತ್ತಜ್ಜನ ಬಿತ್ತನೆ ಲೆಕ್ಕದ ಪುಸ್ತಕಕ್ಕೂ ಈಗಿನ ಪಂಚಾಂಗಕ್ಕೂ ಒಂದೆರಡು ದಿನ ವ್ಯತ್ಯಾಸ ಕಂಡರೆ ಯಾರ ಲೆಕ್ಕವೂ ತಪ್ಪಿಲ್ಲ.

ಪ್ರಶ್ನೆ: ಅಟ್ಟದ ಪೆಟ್ಟಿಗೆಯಲ್ಲಿ ಹೊಲ ಆಧಾರ (ಅಡಮಾನ) ಮಾಡಿದ ಪತ್ರ ಸಿಕ್ಕಿದೆ. ‘ಈಶ್ವರ ಸಂವತ್ಸರದ ಮಾಘ ಬಹುಳ’ ಅಂತಷ್ಟೇ ಇದೆ. ಯಾವ ಇಸವಿ?
– ಹಿರಿಯೂರು ತಾಲ್ಲೂಕಿನ ಓದುಗರು

ಉತ್ತರ: ಸಂವತ್ಸರ ಅರವತ್ತು ವರ್ಷಕ್ಕೆ ತಿರುಗಿ ಬರುತ್ತದೆ. ಈಶ್ವರ ಬಂದದ್ದು 1877–78, 1937–38, 1997–98ರಲ್ಲಿ. ಸಂವತ್ಸರ ಯುಗಾದಿಗೆ ಶುರುವಾಗುವುದರಿಂದ ಮಾಘ ಮಾಸ ಎರಡನೇ ಇಸವಿಗೆ ಬೀಳುತ್ತದೆ, ಅಂದರೆ ನಿಮ್ಮದು 1878, 1938 ಅಥವಾ 1998. ಮೊತ್ತ ಆಣೆ, ಪೈಗಳಲ್ಲಿದ್ದರೆ ಮೂರನೆಯದನ್ನು ಬಿಡಿ. 1957ರ ಏಪ್ರಿಲಿನಿಂದ ದಶಮಾಂಶ ಪೈಸೆ ಬಂತು. ಪತ್ರದಲ್ಲಿ ಬೇರೆಲ್ಲಾದರೂ ತಿಥಿ, ವಾರ ಬರೆದಿದ್ದರೆ ಉಳಿದೆರಡರಲ್ಲಿ ಯಾವುದೆಂದು ಅದು ಹೇಳುತ್ತದೆ, ಎರಡೂ ವರ್ಷದ ಹಳೆ ಪಂಚಾಂಗದಲ್ಲಿ ತಾಳೆ ನೋಡಿ. ಶಕವರ್ಷ ಬರೆದಿದ್ದರೆ, ತಿಂಗಳು ಮಾಘವಾದ್ದರಿಂದ, 79 ಕೂಡಿಸಿದರಾಯಿತು. ಅದು 1878ರದ್ದೇ ಆದರೆ ಆಧಾರ ಮಾಡಿದ ಕಾರಣವನ್ನು ದೂರ ಹುಡುಕಬೇಕಿಲ್ಲ: ಹಳಬರು ಧಾತು ಈಶ್ವರ ಬರ ಅನ್ನುತ್ತಿದ್ದ 1876–78ರ ಮಹಾಕ್ಷಾಮದ ಕೊನೆ ಅದು.

ಪ್ರಶ್ನೆ: ಮುತ್ತಜ್ಜನ ಹಿಂದಿನವರು ಯಾರೆಂದು ಗೊತ್ತಿಲ್ಲ. ವಂಶಾವಳಿ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?
– ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಹೊಲದ ಸರ್ವೆ ನಂಬರಿನಿಂದ. ಗಣಕೀಕೃತ ಪಹಣಿ ಇತ್ತೀಚಿನದು. ಅದರ ಹಿಂದಿನ ಕೈಬರಹದ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ರಿಜಿಸ್ಟರು, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಸರ್ವೆ ನಂಬರುವಾರು ಜಮೀನಿನ ಪಟ್ಟಿ) ನಕಲು ಕೇಳಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ನಿಮ್ಮ ಹಳೆ ಕಾಗದಗಳ ತಲೆಬರಹ ಚಿತ್ರದುರ್ಗ ಜಿಲ್ಲೆ ಅಂತ ಇರುತ್ತದೆ. ಚನ್ನಗಿರಿ, ಹೊನ್ನಾಳಿಯವರಿಗೆ ಶಿವಮೊಗ್ಗ. ಜಮೀನು ಗೇಣಿಯಿಂದ ಬಂದಿದ್ದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಹಕ್ಕಿಗಾಗಿ ಸಲ್ಲಿಸಿದ ಫಾರಂ 7 ಮತ್ತು ಭೂ ನ್ಯಾಯಮಂಡಳಿಯ ಆದೇಶ ಹುಡುಕಿಸಿ, ಅದರಲ್ಲಿ ಮನೆಯವರ ವಿವರ ಚೆನ್ನಾಗಿ ಸಿಗುತ್ತದೆ.

ಮೋಸ ಹೋಗುವುದು ಹೆಸರಿನಲ್ಲಿ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ತಿಪ್ಪೇಸ್ವಾಮಿ ಬಿನ್ ಓಬಯ್ಯ, ಓಬಯ್ಯ ಬಿನ್ ತಿಪ್ಪೇಸ್ವಾಮಿ ಅಂತ ಸರಣಿಯೇ ಬರುತ್ತದೆ, ಇಬ್ಬರು ಒಬ್ಬರಾಗಿ ಹೋಗುತ್ತಾರೆ. ಪ್ರತಿ ಹೆಸರಿನ ಮುಂದೆ ‘ಬಿನ್’, ಸರ್ವೆ ನಂಬರು, ಖಾತೆ ಬದಲಾದ ವರ್ಷ ಮೂರನ್ನೂ ಬರೆದುಕೊಳ್ಳಿ. ಹೆಣ್ಣುಮಕ್ಕಳು ಹಳೆ ಪಹಣಿಯಲ್ಲಿ ಅಪರೂಪ. ಗಂಡ ತೀರಿಕೊಂಡು ಮಗ ಮೈನರ್ ಇದ್ದಾಗ ಗಾರ್ಡಿಯನ್ ಅಂತ ತಾಯಿಯ ಹೆಸರು ಬರುತ್ತದೆ. ಉಳಿದಂತೆ ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರಗಳಲ್ಲಿ ‘ಕೋಂ’ (ಇಂಥವರ ಹೆಂಡತಿ) ಅಂತ ಇರುವ ಕಡೆ ಕಣ್ಣಿಡಿ. ಶಾಲೆಯ ದಾಖಲಾತಿ ಪುಸ್ತಕ ತಂದೆಯ ಹೆಸರಿಗೆ ನಂಬಬಹುದು, ಹುಟ್ಟಿದ ತಾರೀಕಿಗೆ ಅಷ್ಟಾಗಿ ಅಲ್ಲ. ಮೇಷ್ಟ್ರು ಅಂದಾಜಿಗೆ ಬರೆದ ಜೂನ್ 1ಗಳು ಅದರಲ್ಲಿ ಬೇಕಾದಷ್ಟಿವೆ.

ಕಾಗದ ಮುಗಿದ ಮೇಲೆ ಹೆಳವರು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟು ಹಾಡಿ ಹೇಳುವವರು. ನಿಮ್ಮ ಮನೆತನ ಯಾವ ಹೆಳವರ ಪಾಲಿನದು ಎಂದು ಊರಿನ ಹಿರಿಯರನ್ನೋ ಹಳೆಯ ದಾಯಾದಿಗಳನ್ನೋ ಕೇಳಿ. ಸುಗ್ಗಿ ಮುಗಿದ ಮೇಲೆ ಅವರು ಬಂದಾಗ ಬರೀ ಹಾಡಿಸಿ ಕಳಿಸಬೇಡಿ, ಪುಸ್ತಕ ತೆರೆದು ಓದಿಸಿ. ಮೂಲ ಊರು, ಅಲ್ಲಿಂದ ಗುಳೆ ಬಂದ ಕಾರಣ, ಅಣ್ಣತಮ್ಮಂದಿರು ಕವಲೊಡೆದ ಜಾಗ ಇವು ಸರ್ಕಾರಿ ದಫ್ತರದಲ್ಲಿ ಇರುವುದಿಲ್ಲ. ಅವರು ಹೇಳಿದ ಕೊನೆಯ ಮೂರು ತಲೆಮಾರನ್ನು ನಿಮ್ಮ ಮ್ಯುಟೇಶನ್ ನಕಲಿನ ಜೊತೆ ತಾಳೆ ನೋಡಿ. ಅದು ಹೊಂದಿದರೆ ಹಿಂದಿನದಕ್ಕೂ ಬೆಲೆ ಕೊಡಬಹುದು. ಕೊಡುವ ಕಾಳು, ಕಾಣಿಕೆಯಲ್ಲಿ ಚೌಕಾಸಿ ಬೇಡ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪತ್ರ ಬೇರೆ, ಅದು ಖಾತೆ ಬದಲಾವಣೆಗೆ ಬೇಕಾಗುವ ದಾಖಲೆ. ಹೆಳವರ ಪುಸ್ತಕ ತೋರಿಸಿ ಅದನ್ನು ಪಡೆಯಲಾಗದು.