ಆನ್‌ಲೈನ್ ಕೋರ್ಸ್ ಸೇರುವ ಮೊದಲು ಕಂಪ್ಯೂಟರಿನ 500 ಪದಗಳನ್ನು ಬಾಯಿಪಾಠ ಮಾಡಬೇಕೆ?

ಮಾಡಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿದವರು, ಮುಂದಿನ ತಿಂಗಳು ಕೋರ್ಸ್ ಶುರು, ಅಷ್ಟರೊಳಗೆ ಪಟ್ಟಿ ಮುಗಿಸಬೇಕೇ ಅಥವಾ ಆರು ತಿಂಗಳ ಬೇಸಿಕ್ ತರಗತಿಗೆ ಸೇರಬೇಕೇ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿದಾಗ ನನ್ನ ಹಳೆಯ ನೋಟ್‌ಬುಕ್ಕೇ ಕಣ್ಣ ಮುಂದೆ ಬಂತು. 200 ಪುಟದ್ದು. ಪ್ರತಿ ಪುಟದ ನಡುವೆ ಕೆಂಪು ಶಾಯಿಯ ಗೆರೆ, ಎಡಕ್ಕೆ ಪದ, ಬಲಕ್ಕೆ ಅದರ ಪೂರ್ಣ ರೂಪ. ಇಂಗ್ಲಿಷ್ ಓದಲು ತಡವರಿಸುತ್ತಿದ್ದುದರಿಂದ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದುಕೊಂಡಿದ್ದೆ. ರ್‍ಯಾಮ್ ಎಂದರೆ ರ್‍ಯಾಂಡಮ್ ಆಕ್ಸೆಸ್ ಮೆಮೊರಿ, ಎಡಿಎಸ್‌ಎಲ್ ಎಂದರೆ ಅಸಿಮ್ಮೆಟ್ರಿಕ್ ಡಿಜಿಟಲ್ ಸಬ್‌ಸ್ಕ್ರೈಬರ್ ಲೈನ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ.

ಅದು 2014ರ ಮಳೆಗಾಲ, ಸಾಗರದ ಹತ್ತಿರದ ನಮ್ಮ ಹಳ್ಳಿ. ಕಂಪ್ಯೂಟರ್ ಕಲಿಸುವವರಿಗಾಗಿ ಇದ್ದ 12 ವಾರಗಳ ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ಪ್ರಮಾಣಪತ್ರ ತಂದರೆ ದಸರೆ ಕಳೆದ ಮೇಲೆ ಕೆಲಸಕ್ಕೆ ಬನ್ನಿ ಎಂದು ಪೇಟೆಯ ಶಾಲೆಯೊಂದರವರು ಹೇಳಿದ್ದರು. 11 ವಾರ ಸುಸೂತ್ರವಾಗಿ ನಡೆಯಿತು. ಕೊನೆಯ ವಾರ ಹತ್ತು ನಿಮಿಷದ ಪಾಠವನ್ನು ವಿಡಿಯೊ ಮಾಡಿ ಕಳಿಸಬೇಕಿತ್ತು. ಅಣ್ಣನ ಮಗಳನ್ನು ಎದುರಿಗೆ ಕೂರಿಸಿಕೊಂಡು, ಅಡುಗೆಮನೆಯ ಮಸಾಲೆ ಡಬ್ಬಿಯನ್ನು ತೆರೆದಿಟ್ಟು, ಫೋಲ್ಡರ್ ಎಂದರೇನು, ಅದರೊಳಗಿನ ಫೋಲ್ಡರ್ ಎಂದರೇನು ಎಂದು ಹೇಳಿಕೊಟ್ಟೆ. ಈಗಲೂ ಹೇಳುತ್ತೇನೆ, ಅದು ಒಳ್ಳೆಯ ಪಾಠ.

ವಿಡಿಯೊ 420 ಎಂಬಿ ಆಯಿತು. ನಮ್ಮ ಬ್ರಾಡ್‌ಬ್ಯಾಂಡ್ ಬಿಲ್ಲಿನ ಮೇಲೆ 2 ಎಂಬಿಪಿಎಸ್ ಎಂದಿತ್ತು. ಸೆಕೆಂಡಿಗೆ 2 ಎಂಬಿ ಎಂದಾದರೆ 420ಕ್ಕೆ 210 ಸೆಕೆಂಡ್, ಅಂದರೆ ಮೂರೂವರೆ ನಿಮಿಷ. ಗಡುವು ಇದ್ದುದು ರಾತ್ರಿ 12ಕ್ಕೆ. ವಿಡಿಯೊವನ್ನು ಮತ್ತೊಮ್ಮೆ ನೋಡಿ, ಒಂದೆರಡು ಕಡೆ ತಿದ್ದಿ, ನೆಮ್ಮದಿಯಾಗಿ ಊಟ ಮಾಡಿ, 11:20ಕ್ಕೆ ಅಪ್‌ಲೋಡ್ ಒತ್ತಿದೆ. ಮೋಡೆಮ್ಮಿನ ಹಸಿರು ದೀಪ ಪಟಪಟನೆ ಮಿಟುಕುತ್ತಿತ್ತು, ಅಂದರೆ ಲೈನಿಗೆ ಏನೂ ಆಗಿರಲಿಲ್ಲ. ಐದು ನಿಮಿಷ ಕಳೆದರೂ ಪರದೆಯ ಮೇಲಿನ ನೀಲಿ ಪಟ್ಟಿ 4 ಪ್ರತಿಶತ ದಾಟಲಿಲ್ಲ. 11:40ಕ್ಕೆ 17. ಗಾಬರಿಯಾಗಿ ರದ್ದು ಮಾಡಿ ಮತ್ತೆ ಶುರು ಮಾಡೋಣವೆಂದು ಎರಡು ಸಲ ಮೌಸ್ ಹಿಡಿದು ಬಿಟ್ಟೆ. 12 ಹೊಡೆದಾಗ 34 ಪ್ರತಿಶತ. ಪುಟ ತಾನಾಗಿಯೇ ಬದಲಾಗಿ, ಸಲ್ಲಿಕೆಯ ಅವಧಿ ಮುಗಿದಿದೆ ಎಂಬ ಒಂದು ಸಾಲು ಬಂತು. ಮುಂದಿನ ತಂಡ ಇದ್ದುದು ಮರುವರ್ಷ. ಶಾಲೆಯವರು ಅಲ್ಲಿಯವರೆಗೆ ಕಾಯಲಿಲ್ಲ, ಅವರಿಗೂ ಮಕ್ಕಳಿಗೆ ಪಾಠ ಆಗಬೇಕಿತ್ತು.

ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅದು ನಿಮಗೂ ಕಾದಿದೆ. ಕಡತದ ಗಾತ್ರವನ್ನು ಅಳೆಯುವುದು ಬೈಟ್‌ಗಳಲ್ಲಿ. ತಂತಿಯ ವೇಗವನ್ನು ಅಳೆಯುವುದು ಬಿಟ್‌ಗಳಲ್ಲಿ. 8 ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಿ ಬೈಟ್‌ಗೆ ದೊಡ್ಡಕ್ಷರದ ಬಿ, ಬಿಟ್‌ಗೆ ಚಿಕ್ಕಕ್ಷರದ ಬಿ ಬರೆಯುತ್ತಾರೆ. ಗೊತ್ತಿದ್ದವರಿಗೆ ಆ ಒಂದು ಅಕ್ಷರವೇ ಸಾಕು. ನಮ್ಮ ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಎರಡೂ ‘ಎಂಬಿ’ಯೇ ಆಗಿದ್ದವು. ನನ್ನ ಕೈಯಾರೆ ಅಂದವಾಗಿ ಬರೆಯುತ್ತಾ ಆ ವ್ಯತ್ಯಾಸವನ್ನು ಅಳಿಸಿಬಿಟ್ಟಿದ್ದೆ. ಹಾಗಾಗಿ 420 ಮೆಗಾಬೈಟ್ ಎಂದರೆ 3,360 ಮೆಗಾಬಿಟ್ ಎಂಬುದು ನನಗೆ ಹೊಳೆಯಲೇ ಇಲ್ಲ.

ಇದರ ಮೇಲೆ ಇನ್ನೊಂದು. ಬಿಲ್ಲಿನಲ್ಲಿದ್ದ 2 ಎಂಬಿಪಿಎಸ್ ಡೌನ್‌ಲೋಡ್ ವೇಗ. ಅಪ್‌ಲೋಡ್ ವೇಗ ಅದರ ಕಾಲು ಭಾಗ, ಸುಮಾರು ಅರ್ಧ ಮೆಗಾಬಿಟ್. ಜನ ತರಿಸಿಕೊಳ್ಳುವುದು ಹೆಚ್ಚು, ಕಳಿಸುವುದು ಕಡಿಮೆ ಎಂಬ ಕಾರಣಕ್ಕೆ ಹಳೆಯ ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಹೆಚ್ಚಿನ ಪಾಲನ್ನು ಡೌನ್‌ಲೋಡಿಗೇ ಕೊಟ್ಟಿರುತ್ತಾರೆ. ಎಡಿಎಸ್‌ಎಲ್ ಎಂಬ ಹೆಸರಿನ ಮೊದಲ ಪದವೇ ಅದನ್ನು ಹೇಳುತ್ತದೆ: ಅಸಿಮ್ಮೆಟ್ರಿಕ್, ಎರಡೂ ಕಡೆ ಸಮವಲ್ಲದ್ದು. ಅದೇ ಪದವನ್ನು ನೂರು ಸಲ ಉರು ಹೊಡೆದಿದ್ದೆ! 3,360ನ್ನು ಅರ್ಧದಿಂದ ಭಾಗಿಸಿ, 6,720 ಸೆಕೆಂಡ್ ಆಗುತ್ತದೆ. ಒಂದು ಗಂಟೆ 52 ನಿಮಿಷ. ನಾನು ಇಟ್ಟುಕೊಂಡಿದ್ದು 40 ನಿಮಿಷ. ಸಂಜೆಯೇ ಈ ಲೆಕ್ಕ ಗೊತ್ತಿದ್ದರೆ ವಿಡಿಯೊದ ಗುಣಮಟ್ಟ ಇಳಿಸಿ 75 ಎಂಬಿಗೆ ತರುತ್ತಿದ್ದೆ, 20 ನಿಮಿಷದಲ್ಲಿ ಹೋಗುತ್ತಿತ್ತು. ಮಸಾಲೆ ಡಬ್ಬಿ ಆಗಲೂ ಸ್ಪಷ್ಟವಾಗಿಯೇ ಕಾಣುತ್ತಿತ್ತು.

ಬಿಟ್ ಮತ್ತು ಬೈಟ್ ಅದಲುಬದಲಾಗುವ ಭಯ ಆ ಪದ ಹುಟ್ಟಿಸಿದವರಿಗೇ ಇತ್ತು ಎಂಬುದು ಆಮೇಲೆ ತಿಳಿಯಿತು. 1956ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನಲ್ಲಿದ್ದ ವರ್ನರ್ ಬುಕ್‌ಹೋಲ್ಟ್ಸ್ ಬೈಟ್ ಎಂಬ ಪದವನ್ನು ತಂದಾಗ, ಕಚ್ಚು ಎಂಬರ್ಥದ ಇಂಗ್ಲಿಷ್ ಪದದ ಕಾಗುಣಿತವನ್ನು ಬೇಕೆಂದೇ ಬದಲಿಸಿ, ಐ ಇದ್ದಲ್ಲಿ ವೈ ಹಾಕಿದರು. ಬರೆಯುವಾಗ ಒಂದಕ್ಷರ ಬಿಟ್ಟುಹೋಗಿ ಅದು ಬಿಟ್ ಆಗಿಬಿಡಬಾರದು ಎಂದು.

ಈಗ ನಿಮ್ಮ ವಿಷಯ. ಕನ್ನಡ ಮಾಧ್ಯಮವನ್ನು ತೊಡಕೆಂದು ಬರೆದಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಎಷ್ಟೋ ಮಂದಿ 100 ಎಂಬಿಪಿಎಸ್ ಹಾಕಿಸಿಕೊಂಡು, ಡೌನ್‌ಲೋಡ್ ಆಗುವಾಗ 12 ಎಂಬಿ ಮಾತ್ರ ಕಾಣಿಸುತ್ತಿದೆ ಎಂದು ನನ್ನ ಬಳಿ ದೂರುತ್ತಾರೆ. 100ನ್ನು 8ರಿಂದ ಭಾಗಿಸಿ ಎನ್ನುತ್ತೇನೆ. ತೊಡಕಿರುವುದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಪ್ರತಿಯೊಂದು ಪದವೂ ಒಂಟಿಯಾಗಿ ನಿಂತಿರುತ್ತದೆ, ನಾವು ಎಡವುವುದು ಎರಡು ಪದಗಳ ನಡುವೆ. ಆದ್ದರಿಂದ ಜೋಡಿ ಜೋಡಿಯಾಗಿ ಕಲಿಯಿರಿ. ರ್‍ಯಾಮ್ ಮತ್ತು ಸ್ಟೋರೇಜ್: ವಿದ್ಯುತ್ ಹೋದರೆ ಯಾವುದರಲ್ಲಿದ್ದದ್ದು ಉಳಿಯುತ್ತದೆ? ವೈ-ಫೈ ಮತ್ತು ಇಂಟರ್‌ನೆಟ್: ವೈ-ಫೈ ಗುರುತು ತುಂಬಿದ್ದೂ ಪುಟ ತೆರೆಯದಿದ್ದರೆ ತೊಂದರೆ ಯಾವ ಕಡೆ? ಆನ್‌ಲೈನ್ ಕೋರ್ಸಿನಲ್ಲಿ ಸೇವ್ ಮತ್ತು ಸಬ್ಮಿಟ್ ಬೇರೆ ಬೇರೆ. ಸೇವ್ ಮಾಡಿದ ಉತ್ತರ ಮೌಲ್ಯಮಾಪಕರಿಗೆ ಹೋಗಿರುವುದಿಲ್ಲ. ಆಡಿಟ್ ಎಂಬ ಪದ ಕಂಡರೆ ಲೆಕ್ಕಪರಿಶೋಧನೆ ಎಂದುಕೊಳ್ಳಬೇಡಿ. ಪಾಠ ಉಚಿತವಾಗಿ ನೋಡಬಹುದು, ಸಾಮಾನ್ಯವಾಗಿ ಪ್ರಮಾಣಪತ್ರ ಸಿಗುವುದಿಲ್ಲ ಎಂದರ್ಥ. ಗಡುವಿನ ಪಕ್ಕ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಎಂದಿದ್ದರೆ ಐದೂವರೆ ಗಂಟೆ ಕೂಡಿಸಿ. ಅಲ್ಲಿಯ ರಾತ್ರಿ 11:59 ನಮಗೆ ಮರುದಿನ ಬೆಳಿಗ್ಗೆ 5:29.

ಬೇಸಿಕ್ ತರಗತಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅಲ್ಲಿ ಪೂರ್ಣ ರೂಪಗಳನ್ನು ಬರೆಸುತ್ತಾರಾದರೆ ಹೋಗಬೇಡಿ. ನಿಮ್ಮ ಕೋರ್ಸನ್ನೇ ಶುರು ಮಾಡಿ, ಪದ ಎದುರಾದಾಗ ನಿಂತು ಕೇಳಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು ‘ಕನ್ನಡ’ ಎಂದು ಮಾತ್ರ ಹೊಡೆದು, ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಕ್ರಮ) ಆಯ್ದು ಸೇವ್ ಮಾಡಿ. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿ. 15 ಬೈಟ್ ಎಂದಿರುತ್ತದೆ. ನಮಗೆ ಕಾಣುವುದು ಮೂರು ಅಕ್ಷರ, ಆದರೆ ಕಂಪ್ಯೂಟರ್ ಅದನ್ನು ಕ, ನ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಇನ್ನೊಂದು ನ, ಡ ಎಂದು ಐದು ಸಂಕೇತಗಳಾಗಿ ಇಡುತ್ತದೆ, ಒಂದೊಂದಕ್ಕೂ 3 ಬೈಟ್. ಇದನ್ನು ತಂತಿಯಲ್ಲಿ ಕಳಿಸಿದರೆ 120 ಬಿಟ್. ಆಮೇಲೆ ಅದನ್ನು ಅಳಿಸಿ ನಿಮ್ಮ ಊರಿನ ಹೆಸರು ಹೊಡೆಯಿರಿ. ಎಷ್ಟು ಬರಬೇಕೆಂದು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ನಂತರ ಪ್ರಾಪರ್ಟೀಸ್ ತೆರೆಯಿರಿ. ಲೆಕ್ಕ ಹೊಂದದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಎಲ್ಲಿ ತಪ್ಪಿತೆಂದು ಕೂತು ನೋಡೋಣ.